ವೇದಿಕೆಯಲ್ಲಿ ಆಗದೆ ನಾಗಮಂಗಲದ ಬಸ್ಸಿನಲ್ಲಿ ನಡೆದ ಉಪನ್ಯಾಸದ ಬಗ್ಗೆ

ತತ್ತ್ವಶಾಸ್ತ್ರ ವಿಭಾಗ
ವಿಶ್ವವಿದ್ಯಾನಿಲಯದ ಹೊರಕೇಂದ್ರ, ಕೃಷ್ಣರಾಜಪೇಟೆ

ಸುತ್ತೋಲೆ ಸಂಖ್ಯೆ: ತವಿ/ಉಪ/ಬಸ್ಸು/04

ವಿಷಯ: ಉಪನ್ಯಾಸ ಕಾರ್ಯಕ್ರಮಗಳಲ್ಲಿ ಉಪನ್ಯಾಸಕ್ಕೂ ಅವಕಾಶ ಕಲ್ಪಿಸುವ ಬಗ್ಗೆ.

ಉಲ್ಲೇಖ: 1. ಕಳೆದ ಶುಕ್ರವಾರದ ಕಾರ್ಯಕ್ರಮ. 2. ಅದೇ ಸಂಜೆಯ ನಾಗಮಂಗಲ ಬಸ್ಸು.

ಎಂ.ಎ. ವಿದ್ಯಾರ್ಥಿನಿ ಕು. ಸ್ಪಂದನ ಅವರು ಕಳೆದ ಶುಕ್ರವಾರ ‘ನಾನು ಎಂದರೆ ಯಾರು?’ ಎಂಬ ವಿಷಯವಾಗಿ ಮಾತನಾಡಬೇಕಿತ್ತು. ಮಾತನಾಡದಿದ್ದಲ್ಲಿ ಆಂತರಿಕ ಅಂಕವಿಲ್ಲ. ಅಂಕವಿಲ್ಲದಿದ್ದಲ್ಲಿ ಪರೀಕ್ಷೆಗೆ ಕೂರುವಂತಿಲ್ಲ. ಆದರೆ ಪ್ರಾರ್ಥನೆ, ದೀಪ, ಸ್ವಾಗತ, ಸ್ವಾಗತದಲ್ಲಿ ಹೆಸರು ಬಿಟ್ಟುಹೋದ ಗಣ್ಯರಿಗೆ ಮರುಸ್ವಾಗತ, ಹಾಗೂ ಮುಖ್ಯ ಅತಿಥಿಗಳು ಯಾರು ಎಂಬ ಸುದೀರ್ಘ ಪರಿಚಯ ಮುಗಿಯುವಷ್ಟರಲ್ಲಿ ನಾಗಮಂಗಲದ ಕೊನೆಯ ಬಸ್ಸು ಗೇಟಿನಲ್ಲಿ ಹಾರನ್ ಮಾಡಿದ್ದರಿಂದ ಸಭೆಯು ಎದ್ದುಹೋಯಿತು. ಮರಗೆಲಸ ಬಿಟ್ಟು ಮಗಳ ಮಾತು ಕೇಳಲು ಬಂದಿದ್ದ ತಂದೆ ಶ್ರೀ ಮೌನೇಶ್ ಅವರು “ಅಳ್ಬ್ಯಾಡ ಕಣವ್ವ, ಬಸ್ನಲ್ಲೇ ಏಳೀವಂತೆ ಬಾ” ಎಂದು ಕರೆದೊಯ್ದಿರುತ್ತಾರೆ. ಸದರಿ ಉಪನ್ಯಾಸವು ವಿಭಾಗದ ಪೂರ್ವಾನುಮತಿಯಿಲ್ಲದೆ, ಚಲಿಸುತ್ತಿರುವ ಬಸ್ಸಿನಲ್ಲಿ, ಸಂಪೂರ್ಣವಾಗಿ ನಡೆದಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಸಂಬಂಧಪಟ್ಟವರೆಲ್ಲರೂ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು:

1. ಅತಿಥಿಗಳ ಪರಿಚಯವನ್ನು ಅವರ ಜನನದಿಂದ ಆರಂಭಿಸತಕ್ಕದ್ದು. ಅದಕ್ಕೂ ಹಿಂದಿನ ವಿವರಗಳಿಗೆ ಲಿಖಿತ ಅನುಮತಿ ಅಗತ್ಯ.

2. ಹೆಸರು ಬಿಟ್ಟುಹೋದ ಗಣ್ಯರು ಕೆಮ್ಮಿ ಸೂಚಿಸಬಹುದು. ನಿಜವಾಗಿಯೂ ಕೆಮ್ಮು ಇರುವ ಗಣ್ಯರು ವೈದ್ಯಕೀಯ ಪ್ರಮಾಣಪತ್ರವನ್ನು ಮೊದಲೇ ಒದಗಿಸತಕ್ಕದ್ದು. ಶುಕ್ರವಾರ ಇಂಥವರೊಬ್ಬರನ್ನು ಮೂರು ಬಾರಿ ಸ್ವಾಗತಿಸಲಾಗಿದೆ.

3. ದೀಪ ಆರದಿರಲೆಂದು ನಿಲ್ಲಿಸಿದ ಫ್ಯಾನನ್ನು ಅತಿಥಿಗಳು ಬೆವರುವರೆಂದು ಮತ್ತೆ ಹಾಕತಕ್ಕದ್ದಲ್ಲ. ಆಹ್ವಾನ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳಬಹುದು, ದೀಪದ ದಿಕ್ಕಿಗಲ್ಲ.

4. ವೇದಿಕೆಯ ಮೇಲಿನವರು ಕೆಳಗಿನವರಿಗಿಂತ ಹೆಚ್ಚಾದಲ್ಲಿ ವೇದಿಕೆಯನ್ನೇ ಸಭೆಯೆಂದು ಪರಿಗಣಿಸಿ, ಭಾಷಣಕಾರರು ಕೆಳಗಿಳಿದು ಅವರಿಗೆ ಬುದ್ಧಿ ಹೇಳಬಹುದು.

5. ಬಸ್ಸಿನ ಉಪನ್ಯಾಸದ ಬಗ್ಗೆ ವಿಚಾರಣೆ ನಡೆಸಲಾಗಿದೆ. ನಿರ್ವಾಹಕ ಶ್ರೀ ಕುಮಾರ್ ಅವರು ಹಾಡು ನಿಲ್ಲಿಸಿ, “ಲೇ, ಸುಮ್ಕಿರ್ರುಲಾ, ಮಗ ಏನೋ ಏಳ್ತದೆ” ಎನ್ನುವ ಮೂಲಕ ಅಧ್ಯಕ್ಷತೆ ವಹಿಸಿದ್ದಾರೆ. ಪ್ರಯಾಣಿಕರಾದ ಶ್ರೀಮತಿ ದೊಡ್ಡತಾಯಮ್ಮ ಅವರು ಉಪನ್ಯಾಸಕಿಯ ಗಂಟಲು ಒಣಗಿದ್ದನ್ನು ಗಮನಿಸಿ ಮಜ್ಜಿಗೆ ಕೊಟ್ಟಿದ್ದಾರೆ. ತಮ್ಮ ಊರು ಬಂದಾಗಲೂ “ಮುಗೀಲಿ ಬುಡಪ್ಪ, ಮುಂದಿನ್ ಸ್ಟಾಪಲ್ಲಿ ಇಳ್ಕತೀನಿ” ಎಂದು ಕೂತೇ ಇದ್ದಾರೆ. ಶ್ರೋತೃವೊಬ್ಬರು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕುಳಿತ ಬೇರೆ ನಿದರ್ಶನ ಈ ವಿಭಾಗದ ಇತಿಹಾಸದಲ್ಲಿ ಲಭ್ಯವಿಲ್ಲ.

6. ಆದಾಗ್ಯೂ ಪರೀಕ್ಷಕರು ಖುದ್ದು ಕೇಳದೆ ಅಂಕ ನೀಡಲು ನಿಯಮದಲ್ಲಿ ಅವಕಾಶವಿಲ್ಲ. ಸಭಾಂಗಣದಲ್ಲಿ ಮತ್ತೆ ಏರ್ಪಡಿಸಿದಲ್ಲಿ ಗಣ್ಯರೂ ಮತ್ತೆ ಬರುವ ಸಂಭವವಿದೆ. ಆದಕಾರಣ ಸದರಿ ಬಸ್ಸನ್ನು ಬರುವ ಶುಕ್ರವಾರದ ಮಟ್ಟಿಗೆ ವಿಭಾಗದ ಸಭಾಂಗಣವೆಂದು ಈ ಮೂಲಕ ಘೋಷಿಸಲಾಗಿದೆ. ಕು. ಸ್ಪಂದನ ಅವರು ಅದರಲ್ಲಿ ಮತ್ತೊಮ್ಮೆ ಮಾತನಾಡತಕ್ಕದ್ದು. ಅವರಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಲು ಸಹಪಾಠಿಗಳು ತಾವಾಗಿಯೇ ಒಪ್ಪಿರುವುದನ್ನು ವಿಭಾಗವು ಮೆಚ್ಚುಗೆಯಿಂದ ಗಮನಿಸಿದೆ.

ಸಹಿ/-
(ಡಾ. ಹೇಮಶ್ರೀ)
ವಿಭಾಗದ ಮುಖ್ಯಸ್ಥರು ಹಾಗೂ ಪರೀಕ್ಷಕರು

ಪ್ರತಿಗಳು:

1. ಎಲ್ಲ ಗಣ್ಯರಿಗೆ: ಅಂಚೆಯ ಮೂಲಕ, ಶುಕ್ರವಾರ ಕಳೆದ ಮೇಲೆ ತಲುಪುವಂತೆ.

2. ಬಸ್ಸಿನ ನಿರ್ವಾಹಕರಿಗೆ: ಅಧ್ಯಕ್ಷೀಯ ಭಾಷಣ ಸಿದ್ಧಪಡಿಸಿಕೊಳ್ಳುವ ಅಗತ್ಯವಿಲ್ಲ.

3. ಮುಖ್ಯಸ್ಥರಿಗೆ, ಅಂದರೆ ಸ್ವಂತಕ್ಕೆ: ಸೀಟು ಸಿಗದಿದ್ದಲ್ಲಿ ನಿಂತು ಕೇಳತಕ್ಕದ್ದು. ಮಹಿಳೆಯರಿಗೆ ಟಿಕೆಟ್ ಉಚಿತವಿರುವುದರಿಂದ ಪ್ರಯಾಣ ಭತ್ಯೆ ಕೋರತಕ್ಕದ್ದಲ್ಲ. ವಾಪಸು ಬಸ್ಸಿಲ್ಲದ ಕಾರಣ ಶ್ರೀ ಮೌನೇಶ್ ಅವರ ಮನೆಯವರು ರಾತ್ರಿ ಊಟಕ್ಕೂ ಉಳಿಯಲಿಕ್ಕೂ ಕರೆದಿದ್ದಾರೆ. ಅಂಕ ನಮೂದಿಸಿದ ಮೇಲೆಯೇ ಊಟಕ್ಕೆ ಕೈತೊಳೆಯತಕ್ಕದ್ದು.