ಹಡಗಿನ ಚಿತ್ರಕ್ಕೆ ತಾಲ್ಲೂಕಿನ ಅಪ್ಪಣೆ

ಸರ್ಕಾರ ಒಂದು ರೂಲು ಮಾಡುತ್ತದೆ, ಜನ ಅದನ್ನು ತಮ್ಮ ಅಳತೆಗೆ ಹೊಲಿದುಕೊಳ್ಳುತ್ತಾರೆ. ಇದು ಇವತ್ತಿಗೂ ನಿಂತಿಲ್ಲ. ಮೂವತ್ತರ ದಶಕದಲ್ಲಿ ನಾನು ಕೋಲಾರದ ಒಂದು ಟೂರಿಂಗ್ ಡೇರೆಯಲ್ಲಿ ಕೆಲಸಕ್ಕಿದ್ದೆ. ಪರದೆಯ ಪಕ್ಕ ನಿಂತು ಮೂಕಿ ಚಿತ್ರದ ಕಥೆಯನ್ನು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಕೂಗಿ ಹೇಳುವುದು ನನ್ನ ಕೆಲಸ. ಪರದೇಶದ ಚಿತ್ರ ಹಡಗಿನಿಂದಿಳಿದು, ಮದ್ರಾಸಿನ ಬಂದರಿನಲ್ಲಿ ಅಡಿ ಲೆಕ್ಕದಲ್ಲಿ ಸುಂಕ ಕಟ್ಟಿ, ಸೆನ್ಸಾರಿನ ಸರ್ಟಿಫಿಕೇಟ್ ಪಡೆದು ಬಂದರೂ, ನಮ್ಮಲ್ಲಿ ತಾಲ್ಲೂಕಿಗೊಬ್ಬ ಅಧಿಕಾರಿ ಮತ್ತೆ ನೋಡಿ ಒಪ್ಪಬೇಕಿತ್ತು. ಆ ವರ್ಷ ಡೇರೆಯ ಯಜಮಾನರ ಕೈಯಲ್ಲಿದ್ದದ್ದು ಒಂದೇ ಇಂಗ್ಲಿಷ್ ಚಿತ್ರ.

"ಇದಕ್ಕೆ ಅಪ್ಪಣೆ ತಪ್ಪಿದ್ರೆ ಡೇರೆ ಮಡಚಿ ರಾಗಿ ಹೊಲಕ್ಕೆ ಹೋಗ್ತೀನಿ ಕಣಯ್ಯ. ನೀನೂ ಬಾ," ಎಂದಿದ್ದರು. ನನಗೆ ಕಳೆ ಕೀಳಲು ಬರುತ್ತಿರಲಿಲ್ಲ.

ಮಾಲೂರು

ಚಿತ್ರದ ತೋಟವೊಂದರಲ್ಲಿ ಬಟ್ಟೆಯಿಲ್ಲದ ಹೆಣ್ಣಿನ ಕಲ್ಲಿನ ಪ್ರತಿಮೆ ನಿಂತಿತ್ತು. ಪರೀಕ್ಷೆಗೆ ಬಂದಿದ್ದ ಇನ್‌ಸ್ಪೆಕ್ಟರು, "ನಿಲ್ಸಿ! ಬೆತ್ತಲೆ ತೋರಿಸಬಾರದು ಅಂತ ರೂಲಿದೆ," ಎಂದು ಎದ್ದರು. ನಿಲ್ಲಿಸಿದರೆ ದೀಪದ ಬಿಸಿಗೆ ರೀಲು ಹೊತ್ತಿಕೊಳ್ಳುತ್ತದೆ. ಹಿಂದಕ್ಕೆ ಸುತ್ತಿ ಮತ್ತೆ ತೋರಿಸಿದೆವು. ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಪ್ರತಿಮೆಯ ಮುಖವನ್ನೇ ನೋಡಿದರು.

ಇನ್‌ಸ್ಪೆಕ್ಟರು ವಿಗ್ರಹ ಕೆತ್ತುವವರ ಊರಾದ ಶಿವಾರಪಟ್ಟಣದವರು. ಅಲ್ಲಿ ವಿಗ್ರಹವನ್ನು ಎಷ್ಟೇ ಚೆನ್ನಾಗಿ ಕೆತ್ತಿರಲಿ, ಕೊನೆಗೆ ಶಾಸ್ತ್ರ ಮಾಡಿ ಕಣ್ಣು ಬಿಡಿಸುವ ತನಕ ಅದು ಬರೀ ಕಲ್ಲು. ಈ ಪ್ರತಿಮೆಗೆ ಕಣ್ಣಪಾಪೆ ಕೆತ್ತಿರಲಿಲ್ಲ.

"ಇದಕ್ಕಿನ್ನೂ ಕಣ್ಣೇ ಬಿಡಿಸಿಲ್ವಲ್ರೀ," ಎಂದರು ಸಮಾಧಾನವಾಗಿ. "ಧಾರಾಳವಾಗಿ ತೋರಿಸಿ. ಕಣ್ಣು ಬಿಡಿಸಿದ ಮೇಲೆ ಮಾತ್ರ ಸೀರೆ ಉಡಿಸ್ಕೊಂಡು ತನ್ನಿ."

ಮುಳಬಾಗಿಲು

ಚಿತ್ರಕ್ಕೆ ಮೊದಲು ಸರ್ಟಿಫಿಕೇಟನ್ನು ಪರದೆಯ ಮೇಲೆ ತೋರಿಸುವುದು ರೂಲು. ಅದು ಇಂಗ್ಲಿಷಿನಲ್ಲಿತ್ತು. "ಓದೋಕೆ ಬರದೋರಿಗೆ ತೋರಿಸಿ ಏನು ಬಂತು? ಸರ್ಕಾರದ ಅಪ್ಪಣೆ ಅಂದ್ರೆ ತಮಟೆ ಹೊಡೆದು ಸಾರಬೇಕು," ಎಂದರು ಅಲ್ಲಿನ ಅಧಿಕಾರಿ. ಸರಿ, ತಮಟೆಯವನನ್ನು ಕರೆಸಿದೆವು. ಸರ್ಟಿಫಿಕೇಟ್ ಬಂತು, ತಮಟೆ ಬಡಿಯಿತು, ನಾನು ಕೂಗಿದೆ: "ಕೇಳ್ರಪ್ಪೋ ಕೇಳಿ! ಸರ್ಕಾರದ ಅಪ್ಪಣೆ ಆಗಿದೆ!"

ನಮ್ಮ ಕಡೆ ಇಷ್ಟು ಕೇಳಿಸಿದರೆ ಮುಂದಿನದು ಕಂದಾಯದ ಬಾಕಿಗೆ ಜಪ್ತಿ. ತಾಯಲೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ರೈತರು, "ಪದಂಡ್ರಾ, ಎದ್ದುಲು ಪೋತಾಯಿ!" ಎಂದು, ಎತ್ತು ಕೈಬಿಟ್ಟಾವೆಂಬ ಭಯಕ್ಕೆ ಹೊರಗೋಡಿ, ಗಾಡಿ ಹೊಡೆದುಕೊಂಡು ಊರು ಸೇರಿದರು. ಮಿಕ್ಕವರೂ ಅವರ ಹಿಂದೆಯೇ ಹೋದರು.

ಅಧಿಕಾರಿ ಖಾಲಿ ಡೇರೆಯಲ್ಲಿ ಪೂರ್ತಿ ಕೂತು ನೋಡಿ, "ಒಂಚೂರೂ ಗಲಾಟೆ ಇಲ್ಲ. ಒಳ್ಳೇ ಚಿತ್ರ," ಎಂದು ರುಜು ಹಾಕಿದರು.

ಶ್ರೀನಿವಾಸಪುರ

ಇಲ್ಲಿ ತಾಲ್ಲೂಕಿಗೇ ದೊಡ್ಡವರಾದ ಅಮಲ್ದಾರರೇ ಬಂದರು. ನಡುವಿನಲ್ಲಿ ನಾಯಕ ನಾಯಕಿಗೆ ಮುತ್ತಿಟ್ಟ. "ಇವರಿಗೆ ಮದುವೆ ಆಗಿದೆಯೇನ್ರೀ?" "ಇನ್ನೂ ಇಲ್ಲ ಸ್ವಾಮಿ." "ಹಾಗಿದ್ರೆ ಅಪ್ಪಣೆ ಇಲ್ಲ," ಎಂದು ಎದ್ದೇಬಿಟ್ಟರು. ಕತ್ತರಿಸೋಣವೆಂದರೆ ರೀಲು ಮದ್ರಾಸಿನ ಏಜೆಂಟರದು. ಯಜಮಾನರು ಕೈಮುಗಿದರು. "ಮುತ್ತಿಗೆ ಮುಂಚೆ ನಾವೇ ಮದುವೆ ಮಾಡಿಸಿಬಿಡ್ತೀವಿ ಸ್ವಾಮಿ."

"ಶಾಸ್ತ್ರೋಕ್ತವಾಗಿ ಆಗಬೇಕು. ಸಂಜೆ ಆಟಕ್ಕೆ ನಾನೇ ಬರ್ತೀನಿ. ನೋಡಿ ರುಜು ಹಾಕ್ತೀನಿ," ಎಂದರು ಅಮಲ್ದಾರರು. ಆ ಗಾಬರಿಯಲ್ಲಿ ಕೊನೆಯ ರೀಲಿನಲ್ಲಿ ಏನಿದೆ ಎಂದು ನಮಗೆ ನೆನಪಾಗಲಿಲ್ಲ.

ಸಂಜೆ ಓಲಗದವರು ಪರದೆಯ ಪಕ್ಕ ಕೂತರು. ಬಾಗಿಲಲ್ಲೇ ಎಲ್ಲರಿಗೂ ಅಕ್ಷತೆ ಹಂಚಿದೆವು. ನಾಯಕ ಬಗ್ಗುವ ಹೊತ್ತಿಗೆ ನಾನು, "ಮುಹೂರ್ತ ಬಂತು! ಗಟ್ಟಿಮೇಳ, ಗಟ್ಟಿಮೇಳ!" ಎಂದು ಕೂಗಿದೆ. ಓಲಗ ಮೊಳಗಿತು, ಪರದೆಯ ಮೇಲೆ ಅಕ್ಕಿ ಸುರಿಯಿತು. ಅಮಲ್ದಾರರೂ ಎದ್ದು ನಾಲ್ಕು ಕಾಳು ಹಾಕಿದರು. ಕಳೆ ಕೀಳುವುದು ತಪ್ಪಿತೆಂದು ನನಗೆ ಹಿಡಿಸಲಾರದ ಸಂತೋಷ.

ಕೊನೆಯ ರೀಲು ಬಂತು. ಅದೇ ಗಂಡು, ಅದೇ ಹೆಣ್ಣು ಇಗರ್ಜಿಗೆ ಹೋಗಿ, ಪಾದ್ರಿಯ ಮುಂದೆ ಉಂಗುರ ಹಾಕಿಕೊಂಡರು.

"ಏನ್ರೀ ಇದು?" ಅಮಲ್ದಾರರು ನನ್ನತ್ತ ತಿರುಗಿದರು. "ಆದ ಮದುವೆ ಮತ್ತೆ ಯಾಕೆ? ಆವಾಗ ಮಾಡಿಸಿದ್ದು ಸುಳ್ಳೇನು?"

ಯಜಮಾನರು ಡೇರೆಯ ಕಂಬ ಹಿಡಿದುಕೊಂಡರು. ನನ್ನ ಬಾಯಿಗೆ ಹೇಗೋ ಮಾತು ಬಂತು. "ಅದು ನಮ್ಮ ಸರ್ಕಾರದ ರೂಲಿಗೆ ಸ್ವಾಮಿ. ಇದು ಅವರ ಸರ್ಕಾರದ ರೂಲಿಗೆ."

ಅಮಲ್ದಾರರಿಗೆ ಅದು ಸರಿಯೆನಿಸಿತು. ಪೆನ್ನು ತೆಗೆದರು. ಅಷ್ಟರಲ್ಲಿ ಯಲ್ದೂರಿನ ಅಜ್ಜಿಯೊಬ್ಬಳು ಮುಂದಿನ ಸಾಲಿನಿಂದ ಕೇಳಿದಳು: "ಎರಡೆರಡು ಮದುವೆ ಮಾಡಿದ್ರಲ್ಲ ಸ್ವಾಮಿ, ಎಲೆ ಯಾವಾಗ ಹಾಕ್ತೀರಾ?"

ಏಳುತ್ತಿದ್ದ ಜನ ಮತ್ತೆ ಸಾಲಾಗಿ ಕೂತರು. ಅಮಲ್ದಾರರು ಪೆನ್ನು ಜೇಬಿಗೆ ಸಿಕ್ಕಿಸಿ, ಅಜ್ಜಿಯ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು.

"ಅದೂ ಶಾಸ್ತ್ರವೇ ಅಲ್ವೇನ್ರೀ? ಊಟ ಆಗ್ಲಿ, ಆಮೇಲೆ ರುಜು."