ಮಾವನ ಗಾಳಕ್ಕೊಂದು ಮೀನು

ಮೀನು ಹಿಡಿಯುವುದು ಬಹಳ ಸುಲಭ. ಗಾಳ ಬೇಕು, ನೀರು ಬೇಕು, ನೀರಿನಲ್ಲಿ ಮೀನಿರಬೇಕು. ಉಳಿದದ್ದೆಲ್ಲ ತಾಳ್ಮೆ. ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿ ನಾನು ಗಳಿಸಿದ ಜ್ಞಾನ ಇದು. ಆ ಭಾನುವಾರ ಬೆಳಿಗ್ಗೆ ಬೂದಿಕೋಟೆ ಕಡೆಯ ಡ್ಯಾಮಿಗೆ ಸ್ಕೂಟರ್ ಹತ್ತಿದಾಗ, ತಂದ ಮೀನನ್ನು ಅಕ್ಕಪಕ್ಕದ ಎಷ್ಟು ಮನೆಗೆ ಹಂಚುವುದು ಎಂಬುದೊಂದೇ ನನ್ನ ಚಿಂತೆಯಾಗಿತ್ತು!

ನಾನು ಗದಗಿನ ಕಡೆಯವನು. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ಇಲ್ಲಿಯವಳೇ ಆದ ಮಂಜುಳಾಳನ್ನು ಮದುವೆಯಾಗಿ ಹತ್ತು ವರ್ಷ. ಅವಳ ಅಪ್ಪ, ಅಂದರೆ ಇಲ್ಲಿನ ನಂದಿದುರ್ಗ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ನನ್ನ ಮಾವ, ಆಂಡರ್ಸನ್‌ಪೇಟೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಹತ್ತು ವರ್ಷವೂ ಅವರಿಗೆ ನನ್ನ ಮೇಲೆ ಒಂದೇ ದೂರು. ಜೋಳದ ರೊಟ್ಟಿಯ ಜನ ನಾವು, ಮುದ್ದೆಯನ್ನೂ ಅಗಿದು ತಿನ್ನುತ್ತಿದ್ದೆ.

“ಅಗೀಬಾರ್ದು ಅಳಿಯಂದ್ರೇ, ನುಂಗ್ಬೇಕು! ಹಲ್ಲಿಗ್ಯಾಕೆ ಕೆಲ್ಸ ಕೊಡ್ತೀರಾ?”

ದಿನಾ ಹೇಳಿ ಹೇಳಿ ಕೊನೆಗೂ ನುಂಗುವುದನ್ನು ಕಲಿಸಿದರು. ಕಲಿಯಬಾರದಿತ್ತು.

ಅಂಥ ಮಾವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಕಟ್ಟು ಬಿಚ್ಚಿದರು, ಮೂಳೆ ಕೂಡಿತು, ಮಾವ ಮಾತ್ರ ಮಂಚ ಬಿಟ್ಟು ಇಳಿಯಲಿಲ್ಲ. “ಈಗ ನಡೆಯದಿದ್ದರೆ ಮುಂದೆ ನಡೆಯುವುದೇ ಇಲ್ಲ” ಎಂದರು ಡಾಕ್ಟರು. ಮಂಜುಳಾ ಬೇಡಿಕೊಂಡಳು, ಗದರಿದಳು, ಅಡುಗೆಮನೆಯಲ್ಲಿ ನಿಂತು ಅತ್ತಳು. ಮೂರು ತಿಂಗಳಾಯಿತು. ಒಂದು ದಿನ ಮಾವನೇ ಬಾಯಿ ಬಿಟ್ಟರು.

“ನನ್ ಗಾಳದಾಗೆ ಒಂದ್ ಡ್ಯಾಂ ಮೀನು ಇಡ್ಕೊಂಡ್ ಬನ್ನಿ. ಎದ್ದು ನಡೀತೀನಿ.”

ಮಂಜುಳಾ ನನ್ನ ಮುಖ ನೋಡಿದಳು. ಮದುವೆಯ ಮಂಟಪದಲ್ಲೂ ಅವಳು ನನ್ನನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ.

“ಒಂದ್ಯಾಕ್ರಿ ಮಾವಾರ, ಹತ್ತು ತರ್ತೀನಿ!” ಎಂದುಬಿಟ್ಟೆ.

ಗಾಳಕ್ಕೆ ಮೆತ್ತುವ ಎರೆಯನ್ನು ಮಾವನೇ ಮಂಚದ ಮೇಲೆ ಕೂತು ತಯಾರಿಸಿದರು. ಮೂರು ದಿನ ನೆನೆಸಿ ಹುಳಿ ಬರಿಸಿದ ಕಡಲೆಕಾಯಿ ಹಿಂಡಿ, ಬೆಳ್ಳುಳ್ಳಿ, ರಾಗಿ ಹಿಟ್ಟು ಎಲ್ಲ ಸೇರಿಸಿ, ಮಂಜುಳಾಳಿಂದ ಬೇಯಿಸಿಕೊಂಡು, ಗಟ್ಟಿಯಾಗಿ ನಾದಿ, ಎರಡು ಮುದ್ದೆ ಕಟ್ಟಿದರು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಮಂಜುಳಾ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ ಕೊಟ್ಟಳು.

“ರೀ, ಕೆಂಪು ದಾರ ಕಟ್ಟಿರೋದು ಎರೆ. ಇನ್ನೊಂದು ನಿಮ್ಮ ಊಟದ್ ಮುದ್ದೆ. ಸಾರು ಬೇರೆ ಐತೆ. ಗ್ಯಾನ ಇರ್ಲಿ.”

ನನಗೆ ಅವಮಾನವಾಯಿತು. ಸಾವಿರಾರು ನಟ್ಟು ಬೋಲ್ಟುಗಳಿಗೆ ಚೀಟಿ ಅಂಟಿಸಿ ಮೇಲಧಿಕಾರಿಗಳಿಂದ ಶಹಬ್ಬಾಸ್‌ಗಿರಿ ಪಡೆದವನಿಗೆ ಎರಡು ಡಬ್ಬಿಯ ಪಾಠವೇ!

ಡ್ಯಾಮಿನ ದಡದಲ್ಲಿ ಆಗಲೇ ಒಬ್ಬರು ಹಿರಿಯರು ಗಾಳ ಹಾಕಿ ಕೂತಿದ್ದರು. ನಾನು ವಿಡಿಯೋದಲ್ಲಿ ಕಂಡಂತೆ ಗಾಳವನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದೆ. ಅದು ನೀರಿಗೆ ಹೋಗಲಿಲ್ಲ. ನನ್ನದೇ ಸ್ವೆಟರಿನ ಬೆನ್ನಿಗೆ ಸಿಕ್ಕಿಕೊಂಡಿತು. “ಅಲ್ಲಾಡ್ಬೇಡಿ ಸಾರ್” ಎನ್ನುತ್ತಾ ಹಿರಿಯರೇ ಎದ್ದು ಬಂದು ಬಿಡಿಸಿದರು. ಎರಡನೆಯ ಸಲ ಎಳೆದಾಡಿದ್ದಕ್ಕೆ ನೀರಿನ ಮೇಲೆ ತೇಲಬೇಕಾದ ಬೆಂಡು ಕಳಚಿತು. ಕಟ್ಟಲು ದಾರವಿಲ್ಲ. ನನ್ನ ಬುದ್ಧಿ ಚುರುಕಾಯಿತು. ಡಬ್ಬಿಯ ಕೆಂಪು ದಾರ ಬಿಚ್ಚಿ ಬೆಂಡಿಗೆ ಕಟ್ಟಿದೆ. ಎಂಥ ಸಮಯಸ್ಫೂರ್ತಿ ಎಂದು ನನಗೇ ಹೆಮ್ಮೆಯಾಯಿತು.

ಆಮೇಲೆ ಕೈಗೆ ಸಿಕ್ಕ ಡಬ್ಬಿ ತೆರೆದೆ. ಮುದ್ದೆ ಇತ್ತು. ಚಿವುಟಿ ಗಾಳಕ್ಕೆ ಮೆತ್ತಿ ಬಿಟ್ಟೆ. ಬೆಂಡು ತಕ್ಷಣ ಮುಳುಗಿತು! ಎಳೆದೆ. ಮುದ್ದೆ ಹೋಗಿತ್ತು. ಮೀನೂ ಇರಲಿಲ್ಲ. ಮತ್ತೆ ಮೆತ್ತಿದೆ, ಮತ್ತೆ ಮುಳುಗಿತು, ಮತ್ತೆ ಬರೀ ಗಾಳ ಬಂತು. ಮಧ್ಯಾಹ್ನದವರೆಗೆ ಇದೇ ಕಥೆ. ಹಿರಿಯರ ಬುಟ್ಟಿಯಲ್ಲಿ ಜಿಲೇಬಿ ಮೀನುಗಳು ಒದ್ದಾಡುತ್ತಿದ್ದವು.

“ಏನ್ ಸಾರ್, ಮೀನು ಇಡಿಯಾಕ್ ಬಂದ್ರಾ, ಸಾಕಾಕ್ ಬಂದ್ರಾ?” ಎಂದರು.

ನನಗೆ ಅಳು ಬರುವಂತಾಯಿತು. ಮಂಚದ ಮೇಲೆ ಬಾಗಿಲನ್ನೇ ನೋಡುತ್ತಾ ಕೂತಿರುವ ಮಾವ, ಆಗಲೇ ಮಸಾಲೆ ಅರೆದಿಟ್ಟಿರುವ ಮಂಜುಳಾ ಕಣ್ಮುಂದೆ ಬಂದರು. ಹಸಿವಿನಿಂದ ಧೈರ್ಯ ಕುಗ್ಗಿರಬೇಕೆಂದುಕೊಂಡು ಇನ್ನೊಂದು ಡಬ್ಬಿ ತೆರೆದೆ. ಬೆಳಗಿನ ಚಳಿಗೆ ಮೂಗು ಪೂರ್ತಿ ಕಟ್ಟಿತ್ತು. ಮುರಿದು, ಸಾರಿನಲ್ಲಿ ಅದ್ದಿ, ಮಾವ ಕಲಿಸಿದಂತೆಯೇ ಅಗಿಯದೆ ನುಂಗಿದೆ. ಸ್ವಲ್ಪ ಗಟ್ಟಿ ಎನಿಸಿತು. ಆರಿದ ಮುದ್ದೆ ಹಾಗೇ ಎಂದುಕೊಂಡೆ. ಎರಡೂ ಮುದ್ದೆ ಮುಗಿಸಿದೆ.

ಅಷ್ಟರಲ್ಲಿ ಹಿರಿಯರು ಬಂದರು. “ನಂದು ಎರೆ ಆಗೋಯ್ತು ಸಾರ್, ಒಂಚೂರು ಕೊಡಿ.” ಮೊದಲಿನ ಡಬ್ಬಿ ಚಾಚಿದೆ. ಮೂಸಿ ನೋಡಿ ಹುಬ್ಬೇರಿಸಿದರು.

“ಇದು ತಿನ್ನೋ ಮುದ್ದೆ ಅಲ್ವಾ ಸಾರ್? ಇಷ್ಟು ಮೆತ್ತಗಿದ್ರೆ ಗಾಳದಾಗೆ ನಿಲ್ತದಾ? ಎರೆ ಎಲ್ಲಿ?”

ನಾನು ಮೆಲ್ಲಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ.

ಅವರು ಗಾಳವನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕೂತು ನಕ್ಕರು. “ದೇವುಡಾ! ದೇವುಡಾ!” ಎಂದು ಕಣ್ಣೊರೆಸಿಕೊಂಡರು. ಆ ಗದ್ದಲಕ್ಕೆ ಇದ್ದಬದ್ದ ಮೀನೆಲ್ಲ ಓಡಿಹೋಗಿರಬೇಕು.

ಸಂಜೆ ಬರಿಗೈಯಲ್ಲಿ ಮನೆ ಸೇರಿದೆ. ಹೊಟ್ಟೆಯೊಳಗೆ ಯುದ್ಧ ಶುರುವಾಗಿತ್ತು. ಬೇರೆ ದಾರಿಯಿಲ್ಲದೆ ಬಾಗಿಲಲ್ಲೇ ಎಲ್ಲ ಒಪ್ಪಿಕೊಂಡೆ. ಮಂಜುಳಾ ಹಣೆ ಚಚ್ಚಿಕೊಂಡು ಆಟೋ ಕರೆಯಲು ಓಡಿದಳು. ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಭುಜ ಅಲುಗುತ್ತಿತ್ತು. ಮುದುಕರನ್ನು ಅಳಿಸಿಬಿಟ್ಟೆನಲ್ಲ ಎಂದು ಹೊಟ್ಟೆನೋವಿಗಿಂತ ಹೆಚ್ಚು ಸಂಕಟವಾಯಿತು.

ಕ್ಲಿನಿಕ್ಕಿಗೆ ಹೊರಟು ಆಟೋದಲ್ಲಿ ಕೂತಿದ್ದೇನೆ, ಬಾಗಿಲ ಬಳಿ ದನಿ ಕೇಳಿಸಿತು.

“ತಾಳಮ್ಮಾ, ನಾನೂ ಬತ್ತೀನಿ!”

ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಮಾವ ಮೆಟ್ಟಿಲಿಳಿಯುತ್ತಿದ್ದರು. ನಕ್ಕು ನಕ್ಕು ಮುಖವೆಲ್ಲ ಒದ್ದೆಯಾಗಿತ್ತು. ಮಂಜುಳಾ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಏನು ತಿಂದಿರಿ ಎಂದಾಗ “ಹೊರಗಿನ ಊಟ” ಎಂದೆ.

“ಸುಳ್ಳು ಸಾಮಿ!” ಎಂದು ಮಾವ ಮೊದಲಿನಿಂದ ಶುರು ಮಾಡಿದರು. ಕಾದು ಕೂತವರಿಗೆಲ್ಲ ಕೇಳಿಸಲೆಂದು ಬಾಗಿಲ ಹತ್ತಿರವೇ ನಿಂತುಕೊಂಡರು. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದರು.

ಮಗಳ ಕಣ್ಣೀರಿಗೆ ಏಳದ ಮನುಷ್ಯ ಅಳಿಯನ ಮಾನ ಕಳೆಯಲು ಎದ್ದರು. ಈಗ ದಿನಾ ಸಂಜೆ ನಡೆಯುತ್ತಾರೆ. ನಮ್ಮ ಬೀದಿಯಲ್ಲಿ ನನ್ನ ಕಥೆ ಹೇಳಿ ಮುಗಿದಿದೆ. ನಿನ್ನೆ ಬಸ್‌ ನಿಲ್ದಾಣದವರೆಗೂ ಹೋಗಿದ್ದರಂತೆ.