ಬೈಗುಳ ಮೊದಲು, ಮುಖ ಆಮೇಲೆ

ವಿಡಿಯೋ ಪರಿವರ್ತಕ ತಂತ್ರಾಂಶದ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ, ನನ್ನ ಹಳೆಯ ಕಂಪ್ಯೂಟರಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ತಾವು ಕ್ಷೇಮವೆಂದು ನಂಬಿ, ಹನ್ನೊಂದು ದಿನಗಳಿಂದ ತಮ್ಮೆದುರು ಕೂತು ಬೆನ್ನು ಹಿಡಿಸಿಕೊಂಡಿರುವ ಈ ವಿಧುರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಸಂಗತಿ ಇಷ್ಟೇ. ('ಇಷ್ಟೇ' ಎಂದು ನಾನು ಶುರುಮಾಡಿದರೆ ನನ್ನ ಹೆಂಡತಿ ಒಲೆ ಆರಿಸಿ ಬಂದು ಕೂರುತ್ತಿದ್ದಳು.)

ಆಕೆಯ ಅಕ್ಕ ಆಸ್ಪತ್ರೆಯಲ್ಲಿದ್ದಾರೆ. ಮರೆವಿನ ಕಾಯಿಲೆ, ತಂಗಿ ತೀರಿಕೊಂಡು ಎರಡು ವರ್ಷವಾದದ್ದು ಅವರಿಗೆ ನೆನಪಿಲ್ಲ. "ನನ್ನ ತಂಗಿ ಬಂದು ಹೇಳ್ಲಿ, ಆಮೇಲೆ ನುಂಗ್ತೀನಿ" ಎಂದು ಮಾತ್ರೆಗಳನ್ನೆಲ್ಲ ದಿಂಬಿನಡಿ ಸೇರಿಸುತ್ತಾರೆ. ಇದಕ್ಕೆ ಮದ್ದು ನನ್ನ ಫೋನಿನಲ್ಲಿತ್ತು: ಫೋಟೋ ತೆಗೆಯಲು ಹೋಗಿ ನಾನು ವಿಡಿಯೋ ಒತ್ತಿದ್ದರಿಂದ ಉಳಿದುಹೋದ, ಆಕೆ ನನ್ನನ್ನು ಬೈಯುವ ನಲವತ್ತು ಸೆಕೆಂಡು. ಆ ಕೋಣೆಗೆ ಫೋನು ಒಯ್ಯುವಂತಿಲ್ಲ. ಮೊಮ್ಮಗಳ ಅಂಗೈಯಗಲದ ಆಟದ ಯಂತ್ರವಾದರೆ ಆಗಲಿ ಎಂದು ನರ್ಸಮ್ಮ ಒಪ್ಪಿದರು. ಆ ಯಂತ್ರಕ್ಕೋ ಫೋನಿನ ವಿಡಿಯೋ ರುಚಿಸದು. ಹೀಗಾಗಿ ತಮ್ಮ ಪಾದಕ್ಕೆ ಬಿದ್ದೆ.

ಕಾಲೇಜಿನ ಇಂಗ್ಲಿಷ್ ನಾಟಕದಲ್ಲಿ ಸಾಯುವ ರಾಜನಾಗಿ ಬಹುಮಾನ ಗೆದ್ದವನು ನಾನು. ಆ ಇಂಗ್ಲಿಷಿನಲ್ಲಿ ಸಾಯುವುದಕ್ಕೆ ಮೂವತ್ತು ಸಾಲು ಬರುತ್ತಿತ್ತು, ತಮ್ಮ ಸೆಟ್ಟಿಂಗ್ಸಿಗೆ ಒಂದೂ ಒದಗಲಿಲ್ಲ. ತಾವು 'ಫ್ರೇಮ್ ರೇಟ್' ಕೇಳಿದಾಗ, ಆಕೆಯ ಪಟಕ್ಕೆ ಕಟ್ಟು ಹಾಕಿದ ಅಂಗಡಿಗೆ ನಡೆದುಹೋಗಿ ದರ ವಿಚಾರಿಸಿಕೊಂಡು ಬಂದು ಪ್ರಾಮಾಣಿಕವಾಗಿ ತುಂಬಿಸಿದೆ. ಪರದೆಯ ಅಳತೆ ತಪ್ಪಿಸಿ, ಕಡ್ಡಿಯಂತಿದ್ದವಳನ್ನು ಪೀಪಾಯಿ ಮಾಡಿದೆ. ಸರಿಪಡಿಸಲು ಹೋಗಿ ಗದ್ದವನ್ನೇ ಕತ್ತರಿಸಿದೆ. ಬದುಕಿದ್ದಾಗ ಆಕೆಯ ಮಾತಿಗೇ ಕತ್ತರಿ ಹಾಕಲಾರದವನಿಗೆ ಇದೇನು ಸಣ್ಣ ಬಡ್ತಿಯೇ?

ಕೊನೆಗೆ ತಾವು 'ಯಶಸ್ವಿ' ಎಂದು ಘೋಷಿಸಿದ ಪ್ರತಿಯಲ್ಲಿ ಧ್ವನಿ ಮೊದಲು ಬಂತು, ತುಟಿ ನಾಲ್ಕು ಸೆಕೆಂಡು ತಡವಾಗಿ ಅಲ್ಲಾಡಿತು. ಇದನ್ನು ನಾನು ಆಕ್ಷೇಪಿಸಲಾರೆ. ನಮ್ಮ ಮನೆಯಲ್ಲಿಯೂ ಬೈಗುಳ ಮೊದಲು ಹಜಾರಕ್ಕೆ ಬಂದು, ಮುಖ ಅದರ ಹಿಂದೆ ಬರುತ್ತಿತ್ತು.

ನಿನ್ನೆ ಅದನ್ನೇ ಅಕ್ಕನ ಮುಂದೆ ಹಿಡಿದೆ. "ಮಾತ್ರೆ ಕೆನ್ನೇಲಿಟ್ಕೊಂಡು ನಾಟಕ ಆಡ್ಬೇಡಿ, ನುಂಗಿ ಬಾಯಿ ತೋರ್ಸಿ!" ಎಂಬ ದನಿ ಕೇಳಿದ್ದೇ ತಡ, ಗುಳಕ್ಕನೆ ನುಂಗಿ ಬಾಯಿ ತೆರೆದರು. ಪರದೆಯಲ್ಲಿ ಆಕೆ ಇನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಳು. ಅಕ್ಕ ನನ್ನತ್ತ ತಿರುಗಿ, "ಅವಳಿನ್ನೂ ಬಾಯೇ ತೆಗ್ದಿಲ್ಲ, ನೀವ್ಯಾಕೆ ಆಗ್ಲೇ ಅಳ್ತಿದೀರಿ?" ಎಂದರು.

ಆದ್ದರಿಂದ ಮಾನ್ಯರಲ್ಲಿ ಒಂದೇ ಪ್ರಾರ್ಥನೆ. ಆ ನಲವತ್ತು ಸೆಕೆಂಡಿನಲ್ಲಿ ನಾನು ಆಡಿರುವುದು ಒಂದು 'ಹೂಂ' ಮಾತ್ರ, ಅದೂ ಫೋನಿನಿಂದ ತಲೆಯೆತ್ತದೆ. ಏನನ್ನು ಬೇಕಾದರೂ ಏನಾಗಿ ಬೇಕಾದರೂ ಪರಿವರ್ತಿಸುವೆವೆಂದು ತಮ್ಮ ಮುಖಪುಟದಲ್ಲಿ ಸಾರಿರುವಿರಿ. ಆ 'ಹೂಂ' ಅನ್ನು ಒಂದು ಒಳ್ಳೆಯ ಮಾತಾಗಿ ಪರಿವರ್ತಿಸಿಕೊಡಬೇಕು.

ಎಷ್ಟು ಒತ್ತಿದರೂ ಬುದ್ಧಿ ಕಲಿಯದ
ತಮ್ಮ ವಿಶ್ವಾಸಿ,
ಗ್ರಾಹಕ

ತಾ.ಕ.: ಧ್ವನಿಯ ದೋಷವನ್ನು ಹೊಸ ಆವೃತ್ತಿಯಲ್ಲಿ ಸರಿಪಡಿಸಿರುವುದಾಗಿ ಬೆಳಗಿನಿಂದ ಆರು ಸಲ ತಿಳಿಸಿದ್ದೀರಿ. ಆರು ಸಲವೂ 'ಈಗ ಬೇಡ' ಒತ್ತಿದ್ದೇನೆ. ಆ ದೋಷದ ಮೇಲೆ ಕೈಯಿಟ್ಟರೆ ಚೆನ್ನಾಗಿರುವುದಿಲ್ಲ.